ಲೆಕ್ಕ ಕೇಳದ ಸಂಸತ್ತು



“ಸಂಸತ್ತು ನಡೆದರೇನು, ಬಿಟ್ಟರೇನು? ಸರ್ಕಾರ ನಡೆಯುತ್ತಿದೆಯಲ್ಲ!” ಈಚಿನ ವರ್ಷಗಳಲ್ಲಿ ಮದುವೆಯ ಮನೆಗಳಲ್ಲಿ, ರೈಲು ಪ್ರಯಾಣಗಳಲ್ಲಿ ಈ ಮಾತನ್ನು ವಿದ್ಯಾವಂತರ ಬಾಯಿಂದಲೇ ಪದೇ ಪದೇ ಕೇಳುತ್ತಿದ್ದೇನೆ. ಹೀಗೆ ನುಡಿಯುವವರಲ್ಲಿ ನನ್ನ ತರಗತಿಯಲ್ಲಿ ಪೌರನೀತಿಯ ಪಾಠ ಕೇಳಿದವರೂ ಉಂಟು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಈ ಮಾತು ತಪ್ಪು, ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದನ್ನು ಇಂದು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿದೆ.

ಮೊದಲು ಪಾಠವನ್ನೇ ನೆನಪಿಸಿಕೊಳ್ಳೋಣ. ನಮ್ಮ ಸಂವಿಧಾನದ 265ನೆಯ ಅನುಚ್ಛೇದದಂತೆ ಕಾನೂನಿನ ಅಧಿಕಾರವಿಲ್ಲದೆ ಒಂದು ಪೈಸೆ ತೆರಿಗೆಯನ್ನೂ ವಿಧಿಸುವಂತಿಲ್ಲ. ಸಂಗ್ರಹವಾದ ತೆರಿಗೆ, ಪಡೆದ ಸಾಲ, ಎಲ್ಲವೂ 266ನೆಯ ಅನುಚ್ಛೇದದಂತೆ ಭಾರತದ ಸಂಚಿತ ನಿಧಿಯನ್ನು ಸೇರಬೇಕು. ಆ ನಿಧಿಯಿಂದ ಹಣವನ್ನು ಹೊರತೆಗೆಯಬೇಕಾದರೆ ಮತ್ತೆ ಸಂಸತ್ತಿನ ಕಾನೂನೇ ಬೇಕು. ಪ್ರತಿಯೊಂದು ಇಲಾಖೆಯೂ ತನಗೆ ಬೇಕಾದ ಮೊತ್ತವನ್ನು ‘ಅನುದಾನ ಬೇಡಿಕೆ’ಯ ರೂಪದಲ್ಲಿ ಲೋಕಸಭೆಯ ಮುಂದಿಡುತ್ತದೆ. ಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಬೇಡಿಕೆಗಳು ಒಪ್ಪಿತವಾದ ಮೇಲೆ ಧನವಿನಿಯೋಗ ವಿಧೇಯಕ, ತೆರಿಗೆಗಳಿಗಾಗಿ ಹಣಕಾಸು ವಿಧೇಯಕ. ಇವೆರಡೂ ಕಾನೂನಾದರೆ ಆ ವರ್ಷದ ಆಯವ್ಯಯ ಪೂರ್ಣವಾದಂತೆ.

‘ಬೇಡಿಕೆ’ ಎಂಬ ಶಬ್ದವನ್ನು ಗಮನಿಸಿರಿ. ಬೇಡುವುದು ಸರ್ಕಾರ, ಕೊಡುವುದು ಜನಪ್ರತಿನಿಧಿಗಳ ಸಭೆ. ಸದಸ್ಯರ ಕೈಯಲ್ಲಿ ಖೋತಾ ಸೂಚನೆ ಎಂಬ ಆಯುಧವೂ ಇದೆ. ಒಂದು ಇಲಾಖೆಯ ನೀತಿಯನ್ನೇ ಒಪ್ಪದಿದ್ದರೆ ಅದರ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆಂದು ಸೂಚಿಸಬಹುದು. ಒಂದು ನಿರ್ದಿಷ್ಟ ಕುಂದುಕೊರತೆಯನ್ನು ಎತ್ತಿ ಹೇಳಬೇಕಾದರೆ 100 ರೂಪಾಯಿ ಕಡಿಮೆ ಮಾಡಬೇಕೆಂದು ಸೂಚಿಸಬಹುದು. ನೂರು ರೂಪಾಯಿಯಲ್ಲಿ ಏನಿದೆ ಎಂದು ನಗಬೇಡಿರಿ. ಆ ನೂರು ರೂಪಾಯಿಯ ನೆಪದಲ್ಲಿ ಒಬ್ಬ ಮಂತ್ರಿ ಎದ್ದುನಿಂತು ಉತ್ತರ ಹೇಳಬೇಕಾಗುತ್ತದೆ. ಇಡೀ ವ್ಯವಸ್ಥೆಯ ಜೀವಾಳ ಅಲ್ಲಿದೆ.

ಈಗ ಆಚರಣೆಗೆ ಬರೋಣ. ಕೇಂದ್ರದ ಅನುದಾನ ಬೇಡಿಕೆಗಳು ಸುಮಾರು ನೂರು. ಅವುಗಳ ಚರ್ಚೆಗೆ ಕೆಲವು ದಿನಗಳನ್ನು ಗೊತ್ತುಮಾಡುತ್ತಾರೆ. ಅಷ್ಟರಲ್ಲಿ ಮೂರೋ ನಾಲ್ಕೋ ಐದೋ ಇಲಾಖೆಗಳ ಸರದಿ ಬರುತ್ತದೆ. ಕೊನೆಯ ದಿನದ ಗೊತ್ತಾದ ಗಳಿಗೆಯಲ್ಲಿ ಉಳಿದ ಬೇಡಿಕೆಗಳನ್ನೆಲ್ಲ ಸಭಾಧ್ಯಕ್ಷರು ಒಟ್ಟಾಗಿ ಮತಕ್ಕೆ ಹಾಕುತ್ತಾರೆ. ಚರ್ಚೆಯಿಲ್ಲ, ಪ್ರಶ್ನೆಯಿಲ್ಲ. ‘ಹೌದು’ ಎಂಬ ಧ್ವನಿ ಕೇಳಿಸಿತು, ಅಂಗೀಕಾರವಾಯಿತು. ಇದಕ್ಕೆ ಇಟ್ಟಿರುವ ಹೆಸರು ‘ಗಿಲೊಟಿನ್’. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ತಲೆ ಕತ್ತರಿಸುತ್ತಿದ್ದ ಯಂತ್ರದ ಹೆಸರು ಇದೆಂಬುದನ್ನು ಇತಿಹಾಸ ಓದಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಕತ್ತರಿಸಲ್ಪಡುವುದು ಚರ್ಚೆಯ ತಲೆ.

ಸಮಯದ ಮಿತಿಗಾಗಿ ಕೊನೆಗೊಂದು ಉಪಾಯ ಬೇಕೆನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಉಪಾಯವೇ ಊಟವಾಗಿ, ಚರ್ಚೆ ಉಪ್ಪಿನಕಾಯಿಯಾದರೆ? 2013ರಲ್ಲಿ, 2018ರಲ್ಲಿ, 2023ರಲ್ಲಿ ಅದೂ ಉಳಿಯಲಿಲ್ಲ. ಒಂದೇ ಒಂದು ಇಲಾಖೆಯ ಬೇಡಿಕೆಯೂ ಚರ್ಚೆಯಾಗದೆ ಎಲ್ಲವೂ ಗಿಲೊಟಿನ್ನಿಗೆ ಹೋದವು. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಗಳ ಆಯವ್ಯಯ ಗದ್ದಲದ ನಡುವೆ ಕೆಲವೇ ನಿಮಿಷಗಳಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತು. ವರ್ಷಗಳನ್ನು ಗಮನಿಸಿದರೆ, ಎರಡು ಬೇರೆ ಬೇರೆ ಕೂಟಗಳ ಸರ್ಕಾರಗಳೂ ಇದರಲ್ಲಿ ಪಾಲುದಾರರೆಂಬುದು ತಿಳಿಯುತ್ತದೆ. ಆದ್ದರಿಂದ ನಾನು ಯಾವುದೋ ಪಕ್ಷದ ಪರವಾಗಿ ಬರೆಯುತ್ತಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ.

ನಾವು ಶಾಲೆಯ ವಾರ್ಷಿಕೋತ್ಸವಕ್ಕೆಂದು ಮಕ್ಕಳಿಂದ ತಲಾ ಎರಡು ರೂಪಾಯಿ ಸಂಗ್ರಹಿಸುತ್ತಿದ್ದುದು ನಿಮಗೆ ನೆನಪಿರಬಹುದು. ಹೂವಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು, ಮಂಡಕ್ಕಿಗೆ ಎಷ್ಟು ಎಂಬ ಲೆಕ್ಕವನ್ನು ಮರುದಿನ ತರಗತಿಯಲ್ಲಿ ಓದಿ ಹೇಳುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೂ ಎದ್ದು, “ಸಾರ್, ಮೈಕಿನ ಬಾಡಿಗೆ ಹೋದ ವರ್ಷಕ್ಕಿಂತ ಹೆಚ್ಚಾಯಿತಲ್ಲ?” ಎಂದು ಕೇಳುತ್ತಿದ್ದ. ಎರಡು ರೂಪಾಯಿ ಕೊಟ್ಟವನಿಗೆ ಇದ್ದ ಆ ಹಕ್ಕು ಲಕ್ಷಾಂತರ ಕೋಟಿ ಕೊಟ್ಟ ಪ್ರಜೆಗಳಿಗೆ ಬೇಡವೇ? ಬೆಂಕಿಪೆಟ್ಟಿಗೆ ಕೊಳ್ಳುವ ಕಡುಬಡವನೂ ತೆರಿಗೆ ಕಟ್ಟುತ್ತಾನೆ. ನಮ್ಮ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಕೇಂದ್ರ ಕೊಡುವ ಪಾಲು ಕೂಡ ಈ ನೂರು ಬೇಡಿಕೆಗಳಲ್ಲೊಂದರ ಒಳಗಿದೆ. ಅದು ಸಾಲುತ್ತದೆಯೇ, ಸಕಾಲಕ್ಕೆ ತಲುಪುತ್ತದೆಯೇ ಎಂದು ಕೇಳುವ ಬಾಯಿ ಗಿಲೊಟಿನ್ನಿನ ದಿನ ಮುಚ್ಚಿರುತ್ತದೆ.

ಕಾನೂನುಗಳ ಪಾಡೂ ಇದಕ್ಕಿಂತ ಮೇಲಲ್ಲ. ವಿಧೇಯಕಕ್ಕೆ ಮೂರು ವಾಚನಗಳು, ಸಮಿತಿಯಲ್ಲಿ ಪರಿಶೀಲನೆ, ಎರಡು ಸದನಗಳ ಒಪ್ಪಿಗೆ, ರಾಷ್ಟ್ರಪತಿಗಳ ಅಂಕಿತ ಎಂದು ಪಾಠದಲ್ಲಿ ಓದಿದ್ದೀರಿ. ಹದಿನೈದನೆಯ ಲೋಕಸಭೆಯ ಕಾಲದಲ್ಲಿ ನೂರಕ್ಕೆ ಸುಮಾರು 71 ವಿಧೇಯಕಗಳು ಸಮಿತಿಗಳಿಗೆ ಹೋಗಿದ್ದವು. ಹದಿನೇಳನೆಯ ಲೋಕಸಭೆಯಲ್ಲಿ ಆ ಪ್ರಮಾಣ ಸುಮಾರು 16ಕ್ಕೆ ಇಳಿಯಿತು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ವಿಧೇಯಕಗಳ ಮೇಲೆ ಮತ ಎಣಿಕೆ ಬೇಕೆಂದು ಸದಸ್ಯರು ಕೇಳಿದರೂ ಧ್ವನಿಮತದಿಂದಲೇ ಅವನ್ನು ಅಂಗೀಕರಿಸಲಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ರೈತರು ದೆಹಲಿಯ ಗಡಿಯಲ್ಲಿ ಬಿಸಿಲು ಚಳಿಗಳಲ್ಲಿ ಕುಳಿತರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ರದ್ದುಪಡಿಸುವ ವಿಧೇಯಕವೂ ಒಂದೇ ದಿನ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ, ಆ ವಾದ ಬೇರೆ. ತರುವಾಗಲೂ ಸರಿಯಾಗಿ ಮಾತಿಲ್ಲ, ತೆಗೆಯುವಾಗಲೂ ಮಾತಿಲ್ಲವೆಂದರೆ ಸದನವಿರುವುದು ಏತಕ್ಕೆ?

ಇನ್ನೊಂದು ಜಾಣತನವನ್ನು ಹೇಳಲೇಬೇಕು. 110ನೆಯ ಅನುಚ್ಛೇದದಂತೆ ತೆರಿಗೆ, ಸಾಲ, ಸಂಚಿತ ನಿಧಿ ಮೊದಲಾದ ವಿಷಯಗಳಿಗಷ್ಟೇ ಸೀಮಿತವಾದದ್ದು ‘ಧನ ವಿಧೇಯಕ’. ರಾಜ್ಯಸಭೆ ಅದನ್ನು ತಡೆಯುವಂತಿಲ್ಲ. 14 ದಿನಗಳೊಳಗೆ ಸಲಹೆಗಳೊಡನೆ ಹಿಂದಿರುಗಿಸಬೇಕು, ಸಲಹೆಗಳನ್ನು ಲೋಕಸಭೆ ಕಸದ ಬುಟ್ಟಿಗೆ ಹಾಕಿದರೂ ಕೇಳುವಂತಿಲ್ಲ. 2016ರಲ್ಲಿ ಆಧಾರ್ ವಿಧೇಯಕಕ್ಕೆ ಇದೇ ಹಣೆಪಟ್ಟಿ ಅಂಟಿಸಲಾಯಿತು. ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ಅಂದೇ ತಳ್ಳಿಹಾಕಿತು. ಆಧಾರ್ ಯೋಜನೆಯನ್ನು 2012ರಲ್ಲೇ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2018ರಲ್ಲಿ ಪೀಠದ ಬಹುಮತ ಆ ಹಣೆಪಟ್ಟಿಯನ್ನು ಒಪ್ಪಿತು. ನ್ಯಾಯಮೂರ್ತಿ ಚಂದ್ರಚೂಡರು ಒಪ್ಪದೆ ಭಿನ್ನ ತೀರ್ಪು ಬರೆದರು. 2019ರಲ್ಲಿ ಇನ್ನೊಂದು ಪೀಠ ಧನ ವಿಧೇಯಕದ ವ್ಯಾಖ್ಯೆಯನ್ನು ವಿಸ್ತೃತ ಪೀಠದ ವಿಚಾರಣೆಗೆ ಒಪ್ಪಿಸಿತು. ಚುನಾವಣಾ ಬಾಂಡುಗಳೂ 2017ರ ಹಣಕಾಸು ಕಾಯ್ದೆಯ ಬೆನ್ನೇರಿಯೇ ಬಂದವು. ಸರ್ವೋಚ್ಚ ನ್ಯಾಯಾಲಯ ಅವನ್ನು ಅಸಾಂವಿಧಾನಿಕವೆಂದು ಸಾರಿದ್ದು 2024ರ ಫೆಬ್ರವರಿ 15ರಂದು. ಸದನ ಕೇಳಬೇಕಾದ ಪ್ರಶ್ನೆಯನ್ನು ನ್ಯಾಯಾಲಯ ಕೇಳಿ ಮುಗಿಸಲು ಏಳು ವರ್ಷಗಳು ಹಿಡಿದವು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. “ವಿರೋಧ ಪಕ್ಷದವರೇ ಗದ್ದಲ ಮಾಡಿದರೆ ಸರ್ಕಾರ ಏನು ಮಾಡೀತು?” ಎನ್ನುತ್ತೀರಿ. ಗದ್ದಲ ಮಾಡುವವರು ತಪ್ಪಿತಸ್ಥರೇ, ಸಂದೇಹವಿಲ್ಲ. ಆದರೆ ತರಗತಿಯಲ್ಲಿ ಹುಡುಗರು ಕೂಗಾಡಿದರೆಂದು ಪಾಠ ಮಾಡದೆಯೇ ‘ಪಾಠ ಮುಗಿಯಿತು’ ಎಂದು ದಿನಚರಿಯಲ್ಲಿ ಬರೆಯುವ ಮೇಷ್ಟರನ್ನು ನೀವು ಒಪ್ಪುತ್ತೀರಾ? “ಸಮಯವೆಲ್ಲಿದೆ?” ಎನ್ನುವವರಿಗೆ ಒಂದು ಲೆಕ್ಕ: ಮೊದಲನೆಯ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕುಳಿತರೆ, ಹದಿನೇಳನೆಯದು ಕುಳಿತದ್ದು ಸರಾಸರಿ 55 ದಿನ. ಸಮಯವನ್ನು ಕಡಿಮೆ ಮಾಡಿಕೊಂಡವರೇ ಸಮಯವಿಲ್ಲವೆನ್ನುತ್ತಿದ್ದಾರೆ.

“ಸ್ಥಾಯಿ ಸಮಿತಿಗಳು ಬೇಡಿಕೆಗಳನ್ನು ನೋಡುತ್ತವೆಯಲ್ಲ?” ನಿಜ. 1993ರಲ್ಲಿ ಆರಂಭವಾದ ಇಲಾಖಾವಾರು ಸಮಿತಿಗಳು ಪಕ್ಷಭೇದ ಮರೆತು ಒಳ್ಳೆಯ ವರದಿಗಳನ್ನು ಕೊಟ್ಟಿವೆ. ಆದರೆ ಅವರ ಮಾತು ಸಲಹೆ ಮಾತ್ರ; ಖೋತಾ ಸೂಚಿಸುವ ಅಧಿಕಾರ ಅವಕ್ಕಿಲ್ಲ. ವರದಿ ಓದಿ ಪ್ರಶ್ನಿಸಬೇಕಾದ ಸದನವೇ ಮೌನವಾದರೆ ವರದಿ ಬೀರುವಿನ ಪಾಲು.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, “ಸಾರ್, ಇಲ್ಲಿಯ ಫಜೀತಿ ನೋಡಿ, ನಮ್ಮ ದೇಶದ ಪದ್ಧತಿಯೇ ವಾಸಿ” ಎನ್ನಬಹುದು. ಅಲ್ಲಿ ಅಕ್ಟೋಬರ್ 1ರೊಳಗೆ ಕಾಂಗ್ರೆಸ್ಸು ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಸರ್ಕಾರದ ಕಚೇರಿಗಳ ಬಾಗಿಲು ಮುಚ್ಚುತ್ತದೆ. 2025ರಲ್ಲಿ ಹಾಗೆ 43 ದಿನ ಕೆಲಸ ನಿಂತಿತು, ನೌಕರರು ಸಂಬಳವಿಲ್ಲದೆ ಪರದಾಡಿದರು. ಅದನ್ನು ಅನುಕರಿಸಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಲೇಖಾನುದಾನವಿದೆ: ಪೂರ್ಣ ಆಯವ್ಯಯದ ಚರ್ಚೆ ಮುಗಿಯುವವರೆಗೆ ಕೆಲವು ತಿಂಗಳ ಖರ್ಚಿಗೆ ಸಭೆ ಮುಂಗಡ ಒಪ್ಪಿಗೆ ಕೊಡಬಹುದು. ಹೀಗಿರುವಾಗ ಅವಸರವೇಕೆ? ಸಂವಿಧಾನ ಬರೆದವರು ಸಾವಧಾನದ ದಾರಿಯನ್ನು ಮೊದಲೇ ಹಾಕಿಕೊಟ್ಟಿದ್ದಾರೆ.

ಮೂಲ ರೋಗ ಇನ್ನೂ ಆಳದಲ್ಲಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ, ಪಕ್ಷದ ಆಜ್ಞೆ ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆಯಾರಾಂ ಗಯಾರಾಂಗಳನ್ನು ತಡೆಯಲು ಬಂದ ಕಾನೂನು ಪ್ರಾಮಾಣಿಕನ ಬಾಯಿಗೂ ಬೀಗ ಹಾಕಿತು. ಮತ ಮೊದಲೇ ನಿಶ್ಚಯವಾಗಿರುವಾಗ ಮಾತೇಕೆ ಎಂಬ ಉದಾಸೀನ ಸದನಕ್ಕೆ ಬಂದದ್ದು ಹೀಗೆ. ಆದರೆ ಮತ ಹಾಕಲು ಬೀಗವಿದ್ದರೂ ಪ್ರಶ್ನೆ ಕೇಳಲು ಬೀಗವಿಲ್ಲ.

ಆದ್ದರಿಂದ ನನ್ನ ಆಗ್ರಹ ಮೂರೇ. ಸಂಸತ್ತು ವರ್ಷಕ್ಕೆ ಕನಿಷ್ಠ ನೂರು ದಿನ ಕುಳಿತುಕೊಳ್ಳಬೇಕೆಂದು ಕಾನೂನಾಗಲಿ. ಪ್ರತಿಯೊಂದು ಇಲಾಖೆಯ ಬೇಡಿಕೆಯೂ ಐದು ವರ್ಷಗಳಲ್ಲಿ ಒಮ್ಮೆಯಾದರೂ ಸದನದಲ್ಲಿ ಚರ್ಚೆಯಾಗುವಂತೆ ಸರದಿ ಗೊತ್ತಾಗಲಿ. ಹಣಕ್ಕೆ ಸಂಬಂಧಿಸದ ಸರಕನ್ನು ಹಣಕಾಸು ವಿಧೇಯಕದ ಮೂಟೆಯಲ್ಲಿ ಸೇರಿಸುವುದು ನಿಲ್ಲಲಿ.

ನಮ್ಮ ರಾಜ್ಯದಿಂದ 28 ಮಂದಿ ಲೋಕಸಭೆಗೆ ಹೋಗುತ್ತಾರೆ. ಅವರು ಊರಿಗೆ ಬಂದಾಗ ಹಾರ ಹಾಕಿರಿ, ಬೇಡವೆನ್ನುವುದಿಲ್ಲ. ರಸ್ತೆ, ಸಮುದಾಯ ಭವನಗಳನ್ನೂ ಕೇಳಿರಿ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿರಿ: “ಸ್ವಾಮಿ, ಈ ವರ್ಷ ಎಷ್ಟು ಬೇಡಿಕೆಗಳ ಮೇಲೆ ಮಾತನಾಡಿದಿರಿ?” ಉತ್ತರ ಬರುವುದಕ್ಕೆ ತಡವಾದರೂ ಕೇಳುವುದನ್ನು ಬಿಡಬೇಡಿರಿ. ಪೌರನೀತಿಯ ಪರೀಕ್ಷೆ ಹತ್ತನೆಯ ತರಗತಿಗೆ ಮುಗಿಯುವುದಿಲ್ಲ.