ಹಿಡಿತವೂ ಬಿಡುವೂ

"ಕುತ್ತಿಗೆ ಹಿಡಿದುಕೊಂಡಿದೆ", "ಸೊಂಟ ಹಿಡಿದಿದೆ", "ಬೆನ್ನು ಸೆಟೆದುಕೊಂಡಿದೆ" ಎಂಬ ಮಾತುಗಳು ಕೇಳಿಬರದ ಮನೆಯು ನಮ್ಮ ನಾಡಿನಲ್ಲಿ ದುರ್ಲಭವೆಂದೇ ಹೇಳಬೇಕು. ವಾಚಕ ಮಹಾಶಯರು ಈ ಮಾತಿನ ರಚನೆಯನ್ನು ಸ್ವಲ್ಪ ಗಮನಿಸಬೇಕೆಂದು ಬೇಡುತ್ತೇವೆ. ಕುತ್ತಿಗೆಯು ಹಿಡಿದುಕೊಂಡಿದೆಯೆಂದು ಹೇಳುತ್ತೇವೆಯೇ ಹೊರತು, ಏನನ್ನು ಹಿಡಿದುಕೊಂಡಿದೆಯೆಂದು ಹೇಳುವುದಿಲ್ಲ. ಕರ್ಮಪದವಿಲ್ಲದ ಈ ವಾಕ್ಯವು ವ್ಯಾಕರಣದ ದೃಷ್ಟಿಯಿಂದ ಅಪೂರ್ಣವೆನಿಸಿದರೂ ಶರೀರಶಾಸ್ತ್ರದ ದೃಷ್ಟಿಯಿಂದ ಪರಿಪೂರ್ಣವಾಗಿದೆ. ಹಿಡಿಯಬೇಕಾದುದು ಏನೂ ಇಲ್ಲದಿರುವಾಗಲೂ ಹಿಡಿದುಕೊಂಡೇ ಇರುವುದು, ನಮ್ಮ ದಿನನಿತ್ಯದ ಮೈಕೈ ನೋವುಗಳಲ್ಲಿ ಎಷ್ಟೋ ನೋವುಗಳಿಗೆ ಇದೇ ಮೂಲ. ಆದಕಾರಣ ಈ ತಿಂಗಳು ಆ ಹಿಡಿತವನ್ನೂ ಅದನ್ನು ಬಿಡಿಸಿಕೊಳ್ಳುವ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮನುಷ್ಯದೇಹದ ಮಾಂಸಪೇಶಿಗಳು ೫೦೦ ಎಂದು ಎಣಿಸಿದೆ. ಇಂದಿನ ಶಾಸ್ತ್ರಜ್ಞರು, ಎಲುಬುಗಳನ್ನು ಆಡಿಸುವ ಪೇಶಿಗಳೇ ೬೦೦ಕ್ಕೂ ಮಿಕ್ಕಿವೆಯೆನ್ನುತ್ತಾರೆ. ಎಣಿಸುವ ಕ್ರಮವು ಬೇರೆಯಾದುದರಿಂದ ಸಂಖ್ಯೆಯೂ ಬೇರೆಯಾಯಿತು, ಅದು ಹಾಗಿರಲಿ. ಪ್ರತಿಯೊಂದು ಪೇಶಿಯೂ ಕೂದಲಿಗಿಂತ ಸೂಕ್ಷ್ಮವಾದ ಅಸಂಖ್ಯಾತ ಎಳೆಗಳಿಂದಾದುದು. ಆ ಎಳೆಗಳೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ತಂತುಗಳಿವೆ. ನರದ ಮೂಲಕ ಆಜ್ಞೆ ಬಂದೊಡನೆ ಎಳೆಯೊಳಗೆ ಕ್ಯಾಲ್ಸಿಯಂ ಹೊರಬೀಳುತ್ತದೆ, ಒಂದು ತಂತುವು ಇನ್ನೊಂದನ್ನು ಕೊಕ್ಕೆಹಾಕಿ ಹಿಡಿದು ಎಳೆಯುತ್ತದೆ, ಪೇಶಿಯು ಬಿಗಿಯಾಗುತ್ತದೆ. ಆಜ್ಞೆ ನಿಂತಮೇಲೆ ಕ್ಯಾಲ್ಸಿಯಂ ತನ್ನ ಉಗ್ರಾಣಕ್ಕೆ ಹಿಂದಿರುಗಿ, ಕೊಕ್ಕೆಗಳು ಕಳಚಿ, ಪೇಶಿಯು ಸಡಿಲುತ್ತದೆ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಹಿಡಿಯುವುದಕ್ಕೆ ಮಾತ್ರವಲ್ಲ, ಬಿಡುವುದಕ್ಕೂ ಶಕ್ತಿಯು ಬೇಕು. ಎ.ಟಿ.ಪಿ. ಎಂಬ ಶಕ್ತಿದ್ರವ್ಯವಿಲ್ಲದೆ ಆ ಕೊಕ್ಕೆಗಳು ಕಳಚಲಾರವು. ಪ್ರಾಣವು ಹೋದ ಕೆಲವು ಗಂಟೆಗಳಲ್ಲಿ ದೇಹವು ಮರದ ಕೊರಡಿನಂತೆ ಸೆಟೆದುಕೊಳ್ಳುವುದನ್ನು ಎಲ್ಲರೂ ಬಲ್ಲರು; ಶಕ್ತಿಯ ಸಂಗ್ರಹವು ಬರಿದಾಗಿ ಕೊಕ್ಕೆಗಳು ಹಿಡಿದಲ್ಲೇ ಉಳಿಯುವುದೇ ಅದಕ್ಕೆ ಕಾರಣ. ವಿಶ್ರಾಂತಿಯ ಆಸನಕ್ಕೆ ನಮ್ಮ ಹಿರಿಯರು ಶವಾಸನವೆಂದು ಹೆಸರಿಟ್ಟರು. ಆದರೆ ಶವವು ತಾನಾಗಿ ಸಡಿಲಲಾರದು. ಮೈಯನ್ನು ಸಡಿಲಿಸುವುದು ಬದುಕಿರುವವರ ಕೆಲಸ. ಅದು ಸೋಮಾರಿತನವೆಂದು ತಿಳಿಯುವ ಗೃಹಸ್ಥರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಕೆಲಸ ಮುಗಿದಮೇಲೂ ಪೇಶಿಗಳು ಬಿಗಿಯಾಗಿಯೇ ಇರುವುದೇಕೆ? ಆಜ್ಞೆಯು ನಿಲ್ಲದಿರುವುದರಿಂದ. ಆಜ್ಞೆಯು ಕೈಕೆಲಸದಿಂದಲೇ ಬರಬೇಕೆಂಬ ನಿಯಮವಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ ವೈದ್ಯರೂ ಶರೀರವಿಜ್ಞಾನಿಯೂ ಆಗಿದ್ದ ಎಡ್ಮಂಡ್ ಜೇಕಬ್‌ಸನ್ (೧೮೮೮–೧೯೮೩) ಎಂಬವರು ಅತ್ಯಲ್ಪ ವಿದ್ಯುತ್ತನ್ನೂ ಅಳೆಯಬಲ್ಲ ಉಪಕರಣಗಳಿಂದ ಪೇಶಿಗಳನ್ನು ಪರೀಕ್ಷಿಸಿದರು. ಮಲಗಿರುವವನು ಕೈಯನ್ನು ಎತ್ತದೆ, ಎತ್ತುವಂತೆ ಕಲ್ಪಿಸಿಕೊಂಡರೂ ಆ ತೋಳಿನ ಪೇಶಿಗಳಲ್ಲಿ ಅಲ್ಪವಾದ ವಿದ್ಯುತ್‌ಸಂಚಾರವು ಕಾಣಿಸಿಕೊಂಡಿತು. ಎಂದಮೇಲೆ, ನಾಳೆ ಕಟ್ಟಬೇಕಾದ ಸಾಲದ ಕಂತನ್ನು ನೆನೆಯುತ್ತ ಮಲಗಿದ ಗೃಹಸ್ಥನು ಮಲಗಿಯೇ ದುಡಿಯುತ್ತಿರುವನೆಂದರೆ ಅತಿಶಯೋಕ್ತಿಯಾಗಲಾರದು. ಹುಲಿಯನ್ನು ಕಂಡು ಮೈ ಬಿಗಿದವನು ಓಡಿ ಬೆವತು ಹಗುರನಾಗುತ್ತಿದ್ದನು. ಮೇಲಧಿಕಾರಿಯ ಕಾಗದವನ್ನು ಕಂಡು ಮೈ ಬಿಗಿದವನು ಕುರ್ಚಿಯಲ್ಲಿ ಕುಳಿತೇ ಇರಬೇಕು.

ನಮ್ಮ ಉಪಾಧ್ಯಾಯವೃತ್ತಿಯಲ್ಲಿ ಈ ಹಿಡಿತದ ಉತ್ಪತ್ತಿಯನ್ನು ಮೊದಲನೆಯ ತರಗತಿಯಲ್ಲೇ ಕಾಣುತ್ತಿದ್ದೆವು. ಅಕ್ಷರಾಭ್ಯಾಸಕ್ಕೆ ತೊಡಗಿದ ಮಗುವು ಬಳಪವನ್ನು ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತದೆ. ಹೆಗಲುಗಳು ಕಿವಿಯವರೆಗೆ ಏರುತ್ತವೆ. ನಾಲಗೆಯು ತುಟಿಯ ಮೂಲೆಯಿಂದ ಹೊರಗೆ ಚಾಚುತ್ತದೆ. "ಅ" ಎಂಬ ಅಕ್ಷರಕ್ಕೆ ಹೆಗಲೇಕೆ, ನಾಲಗೆಯೇಕೆ? ವರ್ಷ ಕಳೆಯುವಷ್ಟರಲ್ಲಿ ಬೇಡವಾದ ಅಂಗಗಳೆಲ್ಲ ಒಂದೊಂದಾಗಿ ಹಿಂದೆ ಸರಿದು, ಬೆರಳು ಮಾತ್ರ ಬರೆಯುವುದನ್ನು ಕಲಿಯುತ್ತದೆ. ಕುಶಲತೆಯೆಂದರೆ ಬೇಡವಾದುದನ್ನು ಬಿಡುವುದೇ. ಪತಂಜಲಿಯ ಯೋಗಸೂತ್ರಗಳಲ್ಲಿಯೂ ಆಸನವು ಸಿದ್ಧಿಸುವುದಕ್ಕೆ ಪ್ರಯತ್ನವನ್ನು ಸಡಿಲಿಸಬೇಕೆಂದು ಹೇಳಿರುವುದು ಇಲ್ಲಿ ಸ್ಮರಣೀಯ.

ದೊಡ್ಡವರಾದ ನಾವಾದರೋ ಬೇರೆ ಕೆಲಸಗಳಲ್ಲಿ ಆ ಮಗುವಿನಂತೆಯೇ ವರ್ತಿಸುತ್ತೇವೆ. ಚಪಾತಿ ಲಟ್ಟಿಸುವ ಗೃಹಿಣಿಯು ಲಟ್ಟಣಿಗೆಯ ಜೊತೆಗೆ ಹಲ್ಲುಗಳನ್ನೂ ಒತ್ತುತ್ತಾಳೆ. ದ್ವಿಚಕ್ರವಾಹನದಲ್ಲಿ ಹೋಗುವವನು ಹಿಡಿಯನ್ನು ಮಾತ್ರವಲ್ಲದೆ ಹೊಟ್ಟೆಯನ್ನೂ ಹಿಡಿದುಕೊಂಡಿರುತ್ತಾನೆ. ಕಂಪ್ಯೂಟರಿನ ಮುಂದೆ ಕುಳಿತ ಮಗನ ಹೆಗಲುಗಳು ತಾವಾಗಿ ಮೇಲೇರಿರುತ್ತವೆ. ಮೊಬೈಲನ್ನು ನೋಡುವವರ ವಿಷಯವಂತೂ ಹೇಳತೀರದು. ವಯಸ್ಕರ ತಲೆಯ ತೂಕವು ಸುಮಾರು ೫ ಕಿಲೋಗ್ರಾಂ. ತಲೆಯು ನೆಟ್ಟಗಿದ್ದರೆ ಬೆನ್ನೆಲುಬು ಅದನ್ನು ಹೊತ್ತುಕೊಳ್ಳುತ್ತದೆ; ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗದ ಪೇಶಿಗಳು ಅದನ್ನು ಜಗ್ಗಿ ಹಿಡಿಯಬೇಕಾಗುತ್ತದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಎಂಬವರು ೨೦೧೪ರಲ್ಲಿ ಪ್ರಕಟಿಸಿದ ಗಣನೆಯಂತೆ, ತಲೆಯು ೬೦ ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲಿನ ಭಾರವು ಸುಮಾರು ೨೭ ಕಿಲೋಗ್ರಾಂ ಆಗುತ್ತದೆ. ಇದು ಅಳೆದುದಲ್ಲ, ಲೆಕ್ಕಹಾಕಿದುದು. ಆದರೂ ಒಂದು ಅಕ್ಕಿಚೀಲವನ್ನು ಕುತ್ತಿಗೆಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತಿರುವೆವೆಂಬ ಕಲ್ಪನೆಯು ಎಚ್ಚರಿಕೆಗೆ ಸಾಕು.

ಹೀಗೆ ಬಿಡುವಿಲ್ಲದೆ ಬಿಗಿದಿರುವ ಪೇಶಿಯು ತನ್ನೊಳಗಣ ಸಣ್ಣ ರಕ್ತನಾಳಗಳನ್ನು ತಾನೇ ಅದುಮುತ್ತದೆ. ರಕ್ತವು ಸಾಲದೆ ನೋವು ಹುಟ್ಟುತ್ತದೆ. ನೋವಿಗೆ ಹೆದರಿ ಸುತ್ತಲ ಪೇಶಿಗಳೂ ಬಿಗಿಯುತ್ತವೆ. ಅದರಿಂದ ನೋವು ಮತ್ತಷ್ಟು ಹೆಚ್ಚುತ್ತದೆ. ತಲೆಯ ಸುತ್ತ ಪಟ್ಟಿ ಕಟ್ಟಿ ಬಿಗಿದಂತಹ ತಲೆನೋವು ಎಲ್ಲ ಬಗೆಯ ತಲೆನೋವುಗಳಲ್ಲಿ ಅತ್ಯಂತ ಸಾಮಾನ್ಯವಾದುದು. ಪೇಶಿಗಳ ಬಿಗಿತವೊಂದೇ ಅದಕ್ಕೆ ಕಾರಣವೆನ್ನಲಾಗದಾದರೂ ಕುತ್ತಿಗೆ ಹೆಗಲುಗಳ ಬಿಗಿತವು ಅದರ ನಿತ್ಯಸಂಗಾತಿ. ಇದಕ್ಕೆ ಮಾತ್ರೆಯನ್ನು ನುಂಗುವ ಅಭ್ಯಾಸವು ಮನೆಮನೆಗೂ ಹರಡಿದೆ. ಎಂದಾದರೊಮ್ಮೆ ನುಂಗುವುದರಿಂದ ಬಾಧಕವಿಲ್ಲ. ಆದರೆ ತಿಂಗಳಿಗೆ ೧೫ ದಿನಗಳು ಅಥವಾ ಅದಕ್ಕಿಂತ ಹೆಚ್ಚಾಗಿ ನುಂಗುತ್ತ ಬಂದರೆ ಆ ಮಾತ್ರೆಯಿಂದಲೇ ತಲೆನೋವು ಬರುವುದುಂಟೆಂದು ವೈದ್ಯರು ಎಚ್ಚರಿಸುತ್ತಾರೆ.

ಇನ್ನು ಪರಿಹಾರ. ಮೇಲೆ ಹೇಳಿದ ಜೇಕಬ್‌ಸನ್ನರು ೧೯೨೯ರಲ್ಲಿ "ಪ್ರೋಗ್ರೆಸಿವ್ ರಿಲ್ಯಾಕ್ಸೇಷನ್" ಎಂಬ ಗ್ರಂಥವನ್ನು ಪ್ರಕಟಿಸಿ, ಅಂಗಾಂಗಗಳನ್ನು ಕ್ರಮವಾಗಿ ಸಡಿಲಿಸುವ ವಿಧಾನವನ್ನು ವಿವರಿಸಿದರು. ಅದರ ತತ್ತ್ವವು ಸರಳ. "ಸಡಿಲಬಿಡು" ಎಂದು ಹೇಳಿದ ಮಾತ್ರಕ್ಕೆ ಯಾರೂ ಸಡಿಲಬಿಡಲಾರರು. ಹಿಡಿದಿರುವೆನೆಂಬ ಅರಿವೇ ಇಲ್ಲದವನು ಬಿಡುವುದಾದರೂ ಹೇಗೆ? ಆದುದರಿಂದ ಮೊದಲು ಬುದ್ಧಿಪೂರ್ವಕವಾಗಿ ಬಿಗಿದು, ಬಿಗಿತವೆಂದರೇನೆಂಬುದನ್ನು ಮೈಯಲ್ಲೇ ಗುರುತಿಸಿ, ಬಳಿಕ ಬಿಡಬೇಕು. ಅವರ ಮೂಲಪಾಠವು ತಿಂಗಳುಗಟ್ಟಲೆ ನಡೆಯತಕ್ಕದ್ದು; ಅನಂತರದವರು ಅದನ್ನು ಸಂಕ್ಷೇಪಿಸಿದ್ದಾರೆ. ಆ ಸಂಕ್ಷಿಪ್ತ ಕ್ರಮವು ಹೀಗಿದೆ:

ಚಾಪೆಯ ಮೇಲೆ ಅಂಗಾತವಾಗಿ ಮಲಗಿ, ತಲೆಗೆ ತೆಳುವಾದ ದಿಂಬನ್ನು ಇಟ್ಟುಕೊಳ್ಳುವುದು. ಬಲಗೈಯ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿ, ಐದಾರು ಎಣಿಸುವವರೆಗೆ ಹಾಗೆಯೇ ಹಿಡಿದು, ಮುಂಗೈಯಲ್ಲಿ ಎಳೆತವು ಎಲ್ಲಿ ತೋರುವುದೆಂದು ಗಮನಿಸುವುದು. ಅನಂತರ ಮೆಲ್ಲಮೆಲ್ಲನಲ್ಲ, ಒಮ್ಮೆಗೇ ಬಿಟ್ಟುಬಿಟ್ಟು, ಇಪ್ಪತ್ತು ಮೂವತ್ತು ಎಣಿಸುವವರೆಗೆ ಸುಮ್ಮನಿದ್ದು, ಆ ಎಳೆತವು ಇಳಿದುಹೋಗುವುದನ್ನು ನೋಡುವುದು. ಹೀಗೆಯೇ ಎಡಗೈ, ಬಳಿಕ ತೋಳುಗಳು, ಹುಬ್ಬುಗಳನ್ನು ಮೇಲೆತ್ತಿ ನೊಸಲು, ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ರೆಪ್ಪೆಗಳು, ಹಲ್ಲುಗಳನ್ನು ಮೆಲ್ಲನೆ ಒತ್ತಿ ದವಡೆ, ಕಿವಿಯ ಕಡೆಗೆ ಎತ್ತಿ ಹೆಗಲುಗಳು, ಹೊಟ್ಟೆ, ತೊಡೆ, ಕಡೆಗೆ ಪಾದ. ಮೀನಖಂಡವು ಸೆಳೆತಕ್ಕೆ ಒಳಗಾಗುವ ಸಂಭವವಿರುವುದರಿಂದ ಪಾದವನ್ನು ಅತಿಯಾಗಿ ಚಾಚಬಾರದು. ಉಸಿರನ್ನು ಕಟ್ಟಬಾರದು. ನೋವಿರುವ ಅಂಗವನ್ನು ಬಿಗಿಯದೆ, ಬರಿದೆ ಸಡಿಲಬಿಟ್ಟರೆ ಸಾಕು. ಇದಕ್ಕೆಲ್ಲ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ, ನಿಧಾನವಾಗಿ ಏಳತಕ್ಕದ್ದು. ಹಠಯೋಗಪ್ರದೀಪಿಕೆಯಲ್ಲಿ ಆಯಾಸವನ್ನು ಹರಿಸಿ ಚಿತ್ತಕ್ಕೆ ವಿಶ್ರಾಂತಿಯನ್ನು ಕೊಡುವುದೆಂದು ಹೇಳಿರುವ ಶವಾಸನಕ್ಕೆ ಇದು ಒಳ್ಳೆಯ ಪೂರ್ವಾಭ್ಯಾಸವಾಗಬಲ್ಲದು.

ಮಲಗಲು ಸಮಯವಿಲ್ಲದಾಗ ಮಾಡಬಹುದಾದುದೂ ಉಂಟು. ಬಾಯಿ ಮುಚ್ಚಿ ಸುಮ್ಮನಿರುವಾಗ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬಾರದು. ಅಗಿಯುವಾಗ ನುಂಗುವಾಗ ಮಾತ್ರ ತಾಗತಕ್ಕವು. ಈ ವಾಕ್ಯವನ್ನು ಓದುತ್ತಿರುವ ವಾಚಕರು ಈಗಲೇ ಪರೀಕ್ಷಿಸಿಕೊಳ್ಳಬಹುದು. ಕುಕ್ಕರಿನ ಸೀಟಿ ಕೇಳಿದಾಗ ಒಮ್ಮೆ ಹೆಗಲುಗಳನ್ನು ಇಳಿಬಿಡುವುದು, ದೂರವಾಣಿ ಕರೆದಾಗ ಒಮ್ಮೆ ದವಡೆಯನ್ನು ಸಡಿಲಿಸುವುದು, ಅರ್ಧ ಗಂಟೆಗೊಮ್ಮೆ ಕುಳಿತ ಸ್ಥಳದಿಂದ ಎದ್ದು ನಾಲ್ಕು ಹೆಜ್ಜೆ ಇಡುವುದು, ಇವಕ್ಕೆ ಖರ್ಚಿಲ್ಲ. ಬೆಚ್ಚಗಿನ ಶಾಖವೂ ಎಣ್ಣೆಯ ಮಾಲೀಸೂ ಹಿತಕರವೇ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿರುವವರು ಮಾತ್ರ ಬಿಸಿಯ ವಿಷಯದಲ್ಲಿ ಬಹು ಜಾಗರೂಕರಾಗಿರಬೇಕು. ಸೊಂಟ ನೋವೆಂದು ದಿನಗಟ್ಟಲೆ ಹಾಸಿಗೆ ಹಿಡಿಯುವುದು ಒಳ್ಳೆಯದೆಂಬ ಹಿಂದಿನ ಅಭಿಪ್ರಾಯವನ್ನು ವೈದ್ಯರು ಈಗ ಕೈಬಿಟ್ಟಿದ್ದಾರೆ. ತಾಳುವಷ್ಟು ಓಡಾಡುತ್ತಿರುವುದೇ ಮೇಲು.

ಎಲ್ಲ ನೋವೂ ಬಿಗಿತದಿಂದಲೇ ಬಂದುದೆಂದು ಭಾವಿಸುವುದು ಅಪಾಯಕರ. ಎದೆಯಲ್ಲಿ ಒತ್ತಿದಂತಾಗಿ ತೋಳಿಗೋ ದವಡೆಗೋ ನೋವು ಹರಡಿದರೆ, ಜ್ವರದೊಡನೆ ಕುತ್ತಿಗೆಯು ಬಾಗದಂತಾದರೆ, ತಲೆನೋವು ಸಿಡಿಲೆರಗಿದಂತೆ ಹಠಾತ್ತಾಗಿ ಬಂದರೆ, ಕೈಕಾಲುಗಳ ಬಲ ಕುಂದಿದರೆ ಅಥವಾ ಜೋಮು ಹಿಡಿದು ಬಿಡದಿದ್ದರೆ, ಬೆನ್ನುನೋವಿನೊಡನೆ ಮಲಮೂತ್ರಗಳ ಹಿಡಿತವು ತಪ್ಪಿದರೆ, ಬಿದ್ದು ಪೆಟ್ಟಾದ ಬಳಿಕ ನೋವು ತೋರಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಇಷ್ಟನ್ನು ಬರೆದು ಮುಗಿಸಬಹುದಾಗಿತ್ತು. ಆದರೆ ಮುಖ್ಯವಾದ ಮಾತೊಂದು ಉಳಿದಿದೆ. ನಮಗೆ ಪರಿಚಿತವಾದ ಮನೆಯೊಂದರ ಸೊಸೆಯು ಬಹುಕಾಲದಿಂದ ಕುತ್ತಿಗೆನೋವಿನಿಂದ ಬಳಲುತ್ತಿದ್ದಳು. ಎಲುಬಿನಲ್ಲಿ ದೋಷವಿಲ್ಲವೆಂದು ಕಂಡುಕೊಂಡ ವೈದ್ಯರು ಈ ಅಭ್ಯಾಸವನ್ನೇ ಹೇಳಿಕೊಟ್ಟು ಕಳುಹಿಸಿದರು. ಆಕೆ ಮಲಗಿ ಎರಡನೆಯ ಮುಷ್ಟಿಯನ್ನು ಕಟ್ಟುವಷ್ಟರಲ್ಲಿ ಮಗನಿಗೆ ಜ್ಯಾಮಿತಿಯ ಪೆಟ್ಟಿಗೆ ಬೇಕಾಯಿತು. ಮರುದಿನ ಗಂಡನಿಗೆ ಬೀರುವಿನ ಬೀಗದ ಕೈ ಬೇಕಾಯಿತು. ಮೂರನೆಯ ದಿನ ಬಾಗಿಲಿಗೆ ಯಾರೋ ಬಂದರು. ಯಾವಾಗ ಕರೆದಾರೋ ಎಂದು ಕಿವಿಯನ್ನು ನೆಟ್ಟುಕೊಂಡು ಮಲಗುವವಳ ಕುತ್ತಿಗೆಯು ಸಡಿಲುವುದೆಂತು? ವಾರ ಕಳೆದು ಗುಣವೇನೆಂದು ಕೇಳಿದರೆ, "ನನಗೆ ಬಿಡುವೆಲ್ಲಿ?" ಎಂದಳು. ಕಡೆಗೆ ಉಪಾಯವನ್ನು ಕಂಡವರು ಆಕೆಯ ಅತ್ತೆಯವರು. ಸಾಯಂಕಾಲ ನಾಲ್ಕು ಗಂಟೆಗೆ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಸೊಪ್ಪು ಸೋಸುತ್ತ ಕುಳಿತು, ಬಂದವರಿಗೆಲ್ಲ "ಅವಳು ಮಲಗಿದ್ದಾಳೆ, ಏನು ಬೇಕೋ ನನ್ನನ್ನು ಕೇಳಿ" ಎಂದು ಹೇಳತೊಡಗಿದರು. ಎರಡು ತಿಂಗಳಾದಮೇಲೆ ನೋವು ಪೂರ್ತಿಯಾಗಿ ಹೋಗಿರಲಿಲ್ಲ. ಆದರೆ ಮಾತ್ರೆಯ ಪಟ್ಟಿಯು ವಾರಕ್ಕೊಂದರ ಬದಲು ತಿಂಗಳಿಗೊಂದಾಯಿತು, ರಾತ್ರಿಯ ನಿದ್ರೆಯು ಮರಳಿತು.

ಬಿಡು ಎಂಬ ಧಾತುವಿನಿಂದಲೇ ಬಿಡುವು ಎಂಬ ಪದವು ಹುಟ್ಟಿದೆ. ಪೇಶಿಯು ಬಿಡಬೇಕಾದರೆ ಮನುಷ್ಯನಿಗೆ ಬಿಡುವಿರಬೇಕು. ಗೃಹಿಣಿಗೆ ಬಿಡುವಿರಬೇಕಾದರೆ ಮನೆಯವರು ಆಕೆಯನ್ನು ಬಿಡಬೇಕು. ಆದುದರಿಂದ ನಮ್ಮ ವಾಚಕ ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆಯಿಷ್ಟು: ಈ ಅಭ್ಯಾಸವನ್ನು ತಾವು ಮಾಡಿರಿ, ಅದಕ್ಕೆ ಮುಂಚೆ, ದಿನಕ್ಕೆ ಇಪ್ಪತ್ತು ನಿಮಿಷ ಮನೆಯಾಕೆಯನ್ನು ಯಾರೂ ಕರೆಯಕೂಡದೆಂಬ ನಿಯಮವನ್ನು ಮನೆಯಲ್ಲಿ ಏರ್ಪಡಿಸಿರಿ. ಆ ಹೊತ್ತಿನಲ್ಲಿ ಕಾಫಿಯನ್ನು ಬೆರಸಿಕೊಳ್ಳುವುದೂ, ಬೀಗದ ಕೈಯನ್ನು ಹುಡುಕಿಕೊಳ್ಳುವುದೂ, ಬಾಗಿಲನ್ನು ತೆರೆಯುವುದೂ ತಮ್ಮ ಪಾಲಿನ ಕೆಲಸಗಳಾಗಲಿ. ಗಂಟೆಯನ್ನು ಇಂದೇ ಗೊತ್ತುಮಾಡುವುದು ಒಳ್ಳೆಯದು.