ಮೋನಾಲ್ ಕಂಡ ಬೆಳಗು ಮತ್ತು 36 ನಿಮಿಷದ ಲೆಕ್ಕ

ಮೇ ತಿಂಗಳ ಒಂದು ಬೆಳಗ್ಗೆ ಉತ್ತರಾಖಂಡದ ಚೋಪ್ತಾದಿಂದ ತುಂಗನಾಥಕ್ಕೆ ಹತ್ತುತ್ತಿದ್ದೆ. ದಾರಿಯ ಕೆಳಗಿನ ಹುಲ್ಲಿನ ಇಳಿಜಾರಿನಲ್ಲಿ ಏನೋ ಮಣ್ಣು ಕೆದಕುತ್ತಿತ್ತು. ಕೋಳಿ ಅಂದುಕೊಂಡೆ. ಬಿಸಿಲು ಬಿದ್ದ ಕೂಡಲೇ ತಲೆ ಹಸಿರಾಗಿ, ಕತ್ತು ತಾಮ್ರದಂತೆ, ಬೆನ್ನು ನೀಲಿಯಾಗಿ ಹೊಳೆಯಿತು. ಗಂಡು ಮೋನಾಲ್! ನಮ್ಮ ನವಿಲು, ಕಾಡುಕೋಳಿಗಳ ಬಂಧು. ಉತ್ತರಾಖಂಡದ ರಾಜ್ಯಪಕ್ಷಿ, ನೇಪಾಳದ ರಾಷ್ಟ್ರಪಕ್ಷಿ. ಬಾಗಿದ ಕೊಕ್ಕಿನಿಂದ ಗೆಡ್ಡೆ ಅಗೆಯುತ್ತಾ ಎರಡು ನಿಮಿಷ ಅಲ್ಲೇ ಇತ್ತು. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಗುಂಪಿನ ಬ್ಲೂಟೂತ್ ಸ್ಪೀಕರ್ ಅಬ್ಬರಿಸಿತು. ಹಕ್ಕಿ ಬೆನ್ನಿನ ಬಿಳಿ ಮಚ್ಚೆ ತೋರಿಸುತ್ತಾ ಕಣಿವೆಗೆ ಹಾರಿಹೋಯಿತು.

ಆ ಗುಂಪನ್ನು ಬೈಯುವುದು ಸುಲಭ. ಆದರೆ ನಾನೂ ಅಲ್ಲಿಗೆ ಹೋದ ಇನ್ನೊಬ್ಬ ಪ್ರವಾಸಿಯೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಬೆಟ್ಟಕ್ಕೆ ದಿನಕ್ಕೆ ಎಷ್ಟು ಜನ ಹೋಗಬಹುದು?

ತುಂಗನಾಥ ಇರೋದು ಕೇದಾರನಾಥ ವನ್ಯಜೀವಿಧಾಮದಲ್ಲಿ. ಕೇದಾರನಾಥ ಯಾತ್ರೆಯ ದಾರಿ ಹಾದುಹೋಗೋದೂ ಅದೇ ವನ್ಯಜೀವಿಧಾಮದ ಮೂಲಕ. ಅಲ್ಲಿಗೆ ಸೋನ್‌ಪ್ರಯಾಗದಿಂದ 12.9 ಕಿ.ಮೀ. ಉದ್ದದ ರೋಪ್‌ವೇಗೆ 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ವೆಚ್ಚ 4,081 ಕೋಟಿ ರೂಪಾಯಿ. ಎಂಟೊಂಬತ್ತು ಗಂಟೆಯ ಪ್ರಯಾಣ 36 ನಿಮಿಷಕ್ಕೆ ಇಳಿಯುತ್ತೆ. ದಿನಕ್ಕೆ 18,000 ಜನರನ್ನು ಸಾಗಿಸಬಹುದು.

ಎಂಜಿನಿಯರಿಂಗ್ ಓದಿದ ನನಗೆ ಈ ಅಂಕಿಗಳು ಇಷ್ಟವಾಗುತ್ತವೆ. ರೋಪ್‌ವೇಯೇ ತಪ್ಪು ಅಂತಲೂ ಹೇಳಲ್ಲ. ಕೇದಾರನಾಥದ ರಾವಲರು ಸಂಪ್ರದಾಯದಂತೆ ಕರ್ನಾಟಕ ಮೂಲದ ವೀರಶೈವರು. ಆ ದರ್ಶನದ ಆಸೆ ಇರುವ ಅಜ್ಜ-ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಕೇಬಲ್ ಕಾರು ಹೆಲಿಕಾಪ್ಟರಿನಷ್ಟು ಸದ್ದು ಮಾಡಲ್ಲ. ಹೇಸರಗತ್ತೆಗಳ ಬೆನ್ನಿನ ಹೊರೆಯೂ ಕಡಿಮೆಯಾಗಬಹುದು.

ಆದರೆ ಯಾವ ವ್ಯವಸ್ಥೆ ಕಟ್ಟುವಾಗಲೂ ಮೊದಲು ನೋಡೋದು ಅದರ ಅತಿ ದುರ್ಬಲ ಭಾಗ ಎಷ್ಟು ಭಾರ ತಡೆಯುತ್ತೆ ಅಂತ. ಇಲ್ಲಿ ದುರ್ಬಲ ಭಾಗ ಹಗ್ಗವಲ್ಲ, ಬೆಟ್ಟ. 2013ರ ಜೂನ್ ಪ್ರವಾಹದಲ್ಲಿ ಸಾವಿರಾರು ಜನ ಸತ್ತ ಕಣಿವೆ ಅದು. ಹೆಲಿಕಾಪ್ಟರ್, ಹೇಸರಗತ್ತೆ ಎರಡನ್ನೂ ಹಾಗೇ ಉಳಿಸಿಕೊಂಡು ರೋಪ್‌ವೇ ತಂದರೆ ಅದು ಪರ್ಯಾಯ ಆಗಲ್ಲ, ಇನ್ನೊಂದು ಹೊರೆ ಆಗುತ್ತೆ.

ಮೋನಾಲ್ ಸದ್ಯಕ್ಕೆ ಅಳಿವಿನ ಅಂಚಿನ ಹಕ್ಕಿಯೇನಲ್ಲ. ಬೇಟೆ ತಡೆಯಲು ಕಾನೂನಿದೆ. ಆದರೆ ಅದು ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ, ಮರಿ ಮಾಡೋದು ಯಾತ್ರೆ ಜೋರಾಗಿರುವ ಬೇಸಿಗೆಯಲ್ಲೇ. ಬಂದೂಕಿಗೆ ಶಿಕ್ಷೆ ಕೊಡಬಹುದು, ಜನಜಂಗುಳಿಗೆ ಯಾರನ್ನು ಹಿಡಿಯೋದು?

ನಮ್ಮ ಕುಮಾರ ಪರ್ವತದಲ್ಲಿ 2024ರಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆ ಆನ್‌ಲೈನ್ ಬುಕಿಂಗ್, ದಿನದ ಮಿತಿ ಬಂತು. ಜನ ತುಂಬಿದ ಮೇಲೆ ಎಚ್ಚೆತ್ತುಕೊಂಡೆವು. ಕೇದಾರನಾಥದಲ್ಲಿ ಇನ್ನೂ ಸಮಯವಿದೆ: ರೋಪ್‌ವೇ ಓಡುವ ಮೊದಲು ಬೆಟ್ಟ ತಡೆಯಬಲ್ಲ ಸಂಖ್ಯೆಯನ್ನು ಲೆಕ್ಕ ಹಾಕಿ, ಎಲ್ಲ ದಾರಿಗಳಿಗೂ ಸೇರಿಸಿ ಜಾರಿ ಮಾಡಬೇಕು. ಆ ವರ್ಷ ನನಗೆ ಜಾಗ ಸಿಗದಿದ್ದರೆ, ಮುಂದಿನ ವರ್ಷ ಹೋಗ್ತೀನಿ.