ಆಟಗಾರ ಯಾರ ಸೊತ್ತು?

ಅಮೆರಿಕದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ 1956ರಲ್ಲಿ ಸಿನ್ಸಿನಾಟಿ ತಂಡದ ಕರಾರಿಗೆ ಸಹಿ ಹಾಕಿದಾಗ ಅವರ ವಯಸ್ಸು ಹದಿನೆಂಟು, ಸಂಬಳ 4,000 ಡಾಲರ್. ಓಕ್‌ಲ್ಯಾಂಡ್‌ನ ಕಪ್ಪು ಜನರ ಬಡಾವಣೆಯಲ್ಲಿ ಬೆಳೆದ ಹುಡುಗನಿಗೆ ಅದು ಕಡಿಮೆ ಮೊತ್ತವೇನಲ್ಲ. ಆದರೆ ಆ ಕಾಗದದಲ್ಲೊಂದು ಷರತ್ತಿತ್ತು. ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ಮಾಲೀಕರದೇ. ಅವರು ಅವನನ್ನು ಬೇರೆ ತಂಡಕ್ಕೆ ಕೊಡಬಹುದು, ಅವನಾಗಿ ಹೋಗುವಂತಿಲ್ಲ.

ಮೊದಲ ವರ್ಷ ಅವರನ್ನು ಉತ್ತರ ಕ್ಯಾರೊಲಿನಾದ ಕಿರಿಯ ಲೀಗ್‌ಗೆ ಕಳುಹಿಸಲಾಯಿತು. ಬಿಳಿಯ ಸಹ ಆಟಗಾರರೊಂದಿಗೆ ಮೈದಾನಕ್ಕಿಳಿಯಬಹುದಿತ್ತು, ಹೋಟೆಲಿನಲ್ಲಿ ಅವರೊಂದಿಗೆ ಕುಳಿತು ಉಣ್ಣುವಂತಿರಲಿಲ್ಲ. ಬೆವರಿನಲ್ಲಿ ತೊಯ್ದ ತಮ್ಮ ಸಮವಸ್ತ್ರವನ್ನೂ ಬಿಳಿಯರ ಬಟ್ಟೆಯೊಡನೆ ಸೇರಿಸದೆ ಬೇರೆಯೇ ಒಗೆಸುತ್ತಿದ್ದರೆಂದು ಫ್ಲಡ್ ನೆನಪಿಸಿಕೊಂಡಿದ್ದಾರೆ. ಹತ್ತರಲ್ಲಿ ಮೂರು ಬಾರಿ ಚೆಂಡನ್ನು ಸರಿಯಾಗಿ ಹೊಡೆದವನನ್ನು ಉತ್ತಮ ಬ್ಯಾಟ್ಸ್‌ಮನ್ ಎನ್ನುವ ಆ ಆಟದಲ್ಲಿ, ಅಂಥ ವರ್ಷದಲ್ಲೂ ಅವರ ಸರಾಸರಿ .340; ಹೋಮ್ ರನ್‌ಗಳು 29. ಪ್ರತಿಫಲವೇನು? 1957ರ ಡಿಸೆಂಬರ್‌ನಲ್ಲಿ, ಇಪ್ಪತ್ತು ತುಂಬುವ ಮೊದಲೇ, ಸೇಂಟ್ ಲೂಯಿಸ್ ತಂಡಕ್ಕೆ ರವಾನೆ. ಅವರ ಅಭಿಪ್ರಾಯವನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟರೆ ಶ್ರೀಮಂತ ತಂಡಗಳು ಪ್ರತಿಭೆಯನ್ನೆಲ್ಲ ಕಬಳಿಸುತ್ತವೆ ಎಂಬುದು ಮಾಲೀಕರ ವಾದವಾಗಿತ್ತು. ಅರ್ಥಶಾಸ್ತ್ರಜ್ಞ ಸೈಮನ್ ರಾಟನ್‌ಬರ್ಗ್ ಅದೇ 1956ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಾದದ ಬುಡವನ್ನೇ ಅಲುಗಿಸಿತು. ಷರತ್ತು ಇರಲಿ, ಇಲ್ಲದಿರಲಿ, ಆಟಗಾರ ಕೊನೆಗೆ ಸೇರುವುದು ಅವನಿಂದ ಹೆಚ್ಚು ಗಳಿಸಬಲ್ಲ ತಂಡವನ್ನೇ. ಬದಲಾಗುವುದು ಆ ಗಳಿಕೆ ಯಾರ ಜೇಬಿಗೆ ಎಂಬುದಷ್ಟೇ. ಆ 'ಅಷ್ಟೇ' ಸಣ್ಣ ಸಂಗತಿಯಲ್ಲ. ಮಾರುಕಟ್ಟೆಯ ಗುಣಗಾನ ಮಾಡುವ ಉದ್ಯಮಿಗಳು ತಮ್ಮ ನೌಕರರ ವಿಷಯ ಬಂದಾಗ ಮಾತ್ರ ಪೈಪೋಟಿಗೆ ಹೆದರುವುದು ಬೇಸ್‌ಬಾಲ್‌ಗಷ್ಟೇ ಸೀಮಿತವಲ್ಲ.

ಸೇಂಟ್ ಲೂಯಿಸ್‌ನಲ್ಲಿ ಹನ್ನೆರಡು ಋತು ಆಡಿ, ಎರಡು ಬಾರಿ ವಿಶ್ವ ಸರಣಿ ಗೆದ್ದ ಮೇಲೆ 1969ರಲ್ಲಿ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಕೊಡಲಾಯಿತು. ಆಗ ಅವರ ಸಂಬಳ 90,000 ಡಾಲರ್. ಅಷ್ಟು ಪಡೆಯುವವನಿಗೆ ಎಂಥ ದೂರು ಎಂದವರು ಹಲವರು. ಹತ್ತೊಂಬತ್ತರ ಹರೆಯದಲ್ಲಿ ಒಮ್ಮೆ ಸರಕಿನಂತೆ ಸಾಗಿಸಲ್ಪಟ್ಟವರು ಈ ಬಾರಿ ಒಪ್ಪದೆ ನ್ಯಾಯಾಲಯಕ್ಕೆ ಹೋದರು. ವಿಚಾರಣೆಯಲ್ಲಿ ಅವರ ಪರ ನಿಲ್ಲಲು ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಬರಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಮೂರು ವರ್ಷಗಳ ನಂತರ ಬೇರಿಬ್ಬರು ಆಟಗಾರರ ಪ್ರಕರಣದಲ್ಲಿ ಮಧ್ಯಸ್ಥಗಾರರೊಬ್ಬರು ಆ ಷರತ್ತಿನ ಬಲವನ್ನು ಮುರಿದರು; ಅಷ್ಟರಲ್ಲಿ ಫ್ಲಡ್ ಅವರ ಆಟ ಮುಗಿದಿತ್ತು.

1997ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅಮೆರಿಕದ ಸಂಸತ್ತು ಅವರ ಹೆಸರಿನಲ್ಲೇ ಕಾಯ್ದೆ ತಂದು, ಅಗ್ರ ಲೀಗ್‌ಗಳ ಆಟಗಾರರಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ರಕ್ಷಣೆ ನೀಡಿತು. ಕಿರಿಯ ಲೀಗ್‌ಗಳನ್ನು ಮಾತ್ರ ಅದೇ ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿತು. ಅಲ್ಲಿನ ಹುಡುಗರು ಆಟಗಾರರ ಸಂಘದ ನೆರಳಿಗೆ ಬಂದದ್ದು 2022ರಲ್ಲಿ.